ಮರಳಿನಡಿಯ ನೆರೆಯವ: ಮೆದುಚಿಪ್ಪಿನ ದೈತ್ಯ ಆಮೆ



ಎಂಜಿನಿಯರಿಂಗ್ ಓದಿ ಬಂದ ನನಗೆ ನದಿಯ ಮರಳು ಬಹುಕಾಲ ಘನಮೀಟರುಗಳ ಲೆಕ್ಕವಾಗಿಯೇ ಕಂಡಿತ್ತು. ಅದು ಒಂದು ಜೀವಿಯ ಮನೆಯೂ ಹೌದೆಂಬುದು ತಡವಾಗಿ ತಿಳಿಯಿತು.

ಕೊಡಗಿನಲ್ಲಿ ಹುಟ್ಟಿ, ಸುಳ್ಯವನ್ನು ಹಾದುಹೋಗುವ ಪಯಸ್ವಿನಿಯು ಕಾಸರಗೋಡಿನಲ್ಲಿ ಚಂದ್ರಗಿರಿ ಎನಿಸಿಕೊಂಡು ಕಡಲನ್ನು ಸೇರುತ್ತದೆ. ಅಲ್ಲಿ ಕ್ಯಾಂಟರನ ಮೆದುಚಿಪ್ಪಿನ ದೈತ್ಯ ಆಮೆ ಇಂದಿಗೂ ಉಳಿದಿದೆ. ಅದರ ಬೆನ್ನ ಮೇಲೆ ಗಟ್ಟಿ ಫಲಕಗಳಿಲ್ಲ; ತೊಗಲಿನಂಥ ನಯವಾದ ಹೊದಿಕೆಯಿದೆ. ಚಿಪ್ಪು ಸುಮಾರು ಒಂದು ಮೀಟರ್ ಉದ್ದ ಬೆಳೆಯಬಲ್ಲದು. ಕಣ್ಣು ಮೂಗುಗಳನ್ನಷ್ಟೇ ಹೊರಗಿಟ್ಟು ದಿನದ ಬಹುಪಾಲು ಮರಳಿನಲ್ಲಿ ಹೂತು ಕುಳಿತಿರುತ್ತದೆ. ಮೀನು, ಏಡಿಗಳು ಸಮೀಪಿಸಿದೊಡನೆ ಕತ್ತು ಚಾಚಿ ಹಿಡಿಯುತ್ತದೆ. ಉಸಿರಿಗಾಗಿ ಮೇಲಕ್ಕೆ ಬರುವುದು ಅಪರೂಪ. ಆದ್ದರಿಂದ ಕಣ್ಣಿಗೆ ಬೀಳಲಿಲ್ಲವೆಂದ ಮಾತ್ರಕ್ಕೆ ನಮ್ಮ ಹೊಳೆಯಲ್ಲಿ ಅದು ಇಲ್ಲವೆನ್ನಲಾಗದು.

ಮೊಟ್ಟೆಯಿಡುವುದಕ್ಕೆ ಮಾತ್ರ ಅದಕ್ಕೆ ದಂಡೆಯ ಒಣ ಮರಳು ಬೇಕು. ಮೊಟ್ಟೆಯೊಳಗಿನ ಮರಿ ಸಿಪ್ಪೆಯ ಸೂಕ್ಷ್ಮ ರಂಧ್ರಗಳ ಮೂಲಕ ಉಸಿರಾಡುತ್ತದೆ. ಗೂಡು ಮುಳುಗಿದರೆ ಉಸಿರುಗಟ್ಟಿ ಸಾಯುತ್ತದೆ. ದಂಡೆಯ ಮರಳನ್ನು ತೆಗೆದರೆ ಗೂಡಿಗೆ ಸ್ಥಳವಿಲ್ಲ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದಾಗ ನೀರೇರಿದರೆ ಇಟ್ಟ ಮೊಟ್ಟೆಯೂ ಉಳಿಯದು. ಕುಡಿಯುವ ನೀರಿಗೂ ಅಡಕೆ ತೋಟಕ್ಕೂ ಕಿಂಡಿ ಅಣೆಕಟ್ಟು ಬೇಕೇ ಬೇಕು. ಬೇಕಾಗಿರುವುದು ತುಸು ಮುನ್ನೋಟ.

ಚಂದ್ರಗಿರಿಯಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ದಂಡೆಯ ಜನರ ತಿಳಿವಳಿಕೆಯೇ ಆಧಾರ. ಊರವರು ಸುದ್ದಿ ಮುಟ್ಟಿಸಿದರು. ನೀರು ನುಗ್ಗಿದ ಗೂಡುಗಳಿಂದ ಮೊಟ್ಟೆಗಳನ್ನು ರಕ್ಷಿಸಲಾಯಿತು. ಮೇಲ್ಹರಿವಿನಲ್ಲಿರುವ ನಮ್ಮಿಂದಲೂ ಇದು ಸಾಧ್ಯ. ಅದಕ್ಕಾಗಿ ತಮ್ಮಲ್ಲಿ ಮೂರು ವಿನಂತಿಗಳು:

1. ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸಭೆಗೆ ಮೀನು ಹಿಡಿಯುವವರನ್ನೂ ಹಿರಿಯರನ್ನೂ ಕರೆದು, ಆಮೆ ಕಂಡ ಮಡುಗಳನ್ನು ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಸಿರಿ. ಗೂಡಿನ ನಿಖರ ಸ್ಥಳವನ್ನು ಮೊಬೈಲಿನಲ್ಲಿ ಹಂಚದಿರಿ.

2. ಮರಳು ತೆಗೆಯುವ ವಿಷಯ ಸಭೆಗೆ ಬಂದಾಗಲೂ, ಹಲಗೆ ಹಾಕುವ ಮುನ್ನವೂ, ದಂಡೆಯನ್ನು ಬಲ್ಲವರಿಂದ ಪರಿಶೀಲಿಸಿರಿ. ಮೊಟ್ಟೆ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿರಿ. ಮೊಟ್ಟೆಯನ್ನು ಮಗುಚಿದರೆ ಒಳಗಿನ ಮರಿ ಸಾಯಬಹುದು.

3. ಬಲೆಗೆ ಅಥವಾ ಗಾಳಕ್ಕೆ ಸಿಕ್ಕ ಆಮೆಯನ್ನು ಕೊಲ್ಲದಂತೆ, ಮಾರದಂತೆ ಜನರಿಗೆ ತಿಳಿಹೇಳಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದು ಶಿಕ್ಷಾರ್ಹ ಅಪರಾಧ.

ಈ ಕಾರ್ಯಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಸಭೆಯ ಒಂದು ನಿರ್ಣಯ, ದಂಡೆಯ ಜನರ ಎಚ್ಚರ ಸಾಕು. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದು ಕೋರುತ್ತೇನೆ.