ಸ್ಥಾವರದೊಳಗಿನ ಜಂಗಮ

(ಮೈಸೂರಿನ ಶಿವಾನುಭವ ಗೋಷ್ಠಿಯೊಂದರಲ್ಲಿ ಆಡಿದ ಮಾತುಗಳು)

 

ನಾನು ಭಾಷಣಕಾರನಲ್ಲ, ವೀಳ್ಯದೆಲೆ ವ್ಯಾಪಾರಿ. ನಮ್ಮ ತಂದೆಯವರು ದೇವರಾಜ ಮಾರುಕಟ್ಟೆಯಲ್ಲಿ ಎಲೆ ಎಣಿಸುತ್ತಿದ್ದರು. ಅದೇ ಕಟ್ಟೆಯ ಮೇಲೆ ಕುಳಿತು ನಾನೂ ಎಣಿಸುತ್ತಿದ್ದೇನೆ. ಮಾರುಕಟ್ಟೆಯನ್ನು ಕೆಡವಿ ಹೊಸದು ಕಟ್ಟಬೇಕೆಂಬ ಮಾತು ಬಂದಾಗ ನಾನು ಬಹಳ ನೊಂದೆ. ಕಳೆದ ಗೋಷ್ಠಿಯಲ್ಲಿ ಒಬ್ಬ ತರುಣ ನೇರವಾಗಿ ಕೇಳಿದ: "ಸ್ಥಾವರಕ್ಕಿಂತ ಜಂಗಮ ದೊಡ್ಡದೆಂದು ನಂಬಿದವರು ನಾವು. ಹಳೆಯ ಗೋಡೆಗಾಗಿ ಯಾಕೆ ಅಳುತ್ತೀರಿ?"

ಅಂದು ನನಗೆ ಉತ್ತರ ಹೊಳೆಯಲಿಲ್ಲ. ಮರುದಿನ ನಸುಕಿನಲ್ಲಿ ಅಂಗಡಿಯ ಬಾಗಿಲು ತೆಗೆಯುವಾಗ ಹೊಳೆಯಿತು. ಚಿಕ್ಕಗಡಿಯಾರದ ಕಡೆಯಿಂದ ಮಲ್ಲಿಗೆಯ ಬುಟ್ಟಿಗಳು ಬರುತ್ತಿದ್ದವು. ಒಬ್ಬರು ನಂಜನಗೂಡು ರಸಬಾಳೆ ಇಳಿಸುತ್ತಿದ್ದರು, ಇನ್ನೊಬ್ಬರು ಕುಂಕುಮದ ರಾಶಿ ಒಟ್ಟುತ್ತಿದ್ದರು, ಪಕ್ಕದ ಸಾಬರು ಅತ್ತರಿನ ಸೀಸೆ ಒರೆಸುತ್ತಿದ್ದರು. ಯಾರೂ ಯಾರ ಜಾತಿಯನ್ನೂ ಕೇಳಲಿಲ್ಲ, ಎಲ್ಲರದೂ ಕಾಯಕ. ಜಂಗಮವೆಂದರೆ ಇದೇ ಅಲ್ಲವೇ? ನಾನು ಅಳುವುದು ಗೋಡೆಗಲ್ಲ, ಅದರ ನೆರಳಿನ ಬದುಕಿಗೆ. ಹೊಸ ಕಟ್ಟಡದ ನಕ್ಷೆಯಲ್ಲಿ ನನ್ನಂಥ ಅಂಗಡಿಯವನಿಗೆ ಒಂದು ಮಳಿಗೆ ಸಿಕ್ಕೀತು. ನೆಲದ ಮೇಲೆ ಕುಳಿತು ಮೊಳ ಹೂ ಮಾರುವ ಅಜ್ಜಿಗೆ ಯಾವ ನಕ್ಷೆಯಲ್ಲಿ ಜಾಗವಿದೆ?

ಆದರೆ ಇನ್ನೊಂದು ಮಾತನ್ನು ಮುಚ್ಚಿಡಬಾರದು. 2012ರ ಆಗಸ್ಟ್‌ನಲ್ಲಿ ಎದುರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ತೀರಿಕೊಂಡರು. 2016ರ ಆಗಸ್ಟ್‌ನಲ್ಲಿ ನಮ್ಮ ಮಾರುಕಟ್ಟೆಯದೇ ಧನ್ವಂತರಿ ರಸ್ತೆಯ ಕಡೆಯ ಭಾಗ, ದುರಸ್ತಿ ನಡೆಯುತ್ತಿದ್ದಾಗಲೇ, ಕುಸಿಯಿತು. ಜೀವಕ್ಕಿಂತ ಕಟ್ಟಡ ದೊಡ್ಡದೆಂದರೆ ಅದು ದಯೆಯಿಲ್ಲದ ಮಾತು. ನಿಲ್ಲಲಾರದ ಭಾಗದಿಂದ ಜನರನ್ನು ಮೊದಲು ತೆರವು ಮಾಡಲೇಬೇಕು.

ಹಾಗೆಂದು ಎಲ್ಲವನ್ನೂ ಕೆಡವಬೇಕೇ? ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಗೋಡೆ ಉಸಿರಾಡುತ್ತದೆ. ಹೀರಿದ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಗೋಡೆ ಕೊಳೆಯುತ್ತದೆ. ತಾರಸಿಯ ಬಿರುಕಿನಲ್ಲಿ ಮೊಳೆತ ಅರಳಿಗಿಡವನ್ನು ಎಳೆಯದರಲ್ಲೇ ಕಿತ್ತರೆ ಕೈಕೆಲಸ. ಬಿಟ್ಟರೆ ಅದರ ಬೇರು ಗೋಡೆಯನ್ನೇ ಸೀಳುತ್ತದೆ. ಸುಣ್ಣದಲ್ಲಿ ಕಟ್ಟಿದ್ದನ್ನು ಸುಣ್ಣದಲ್ಲೇ ತುಂಡುತುಂಡಾಗಿ ಸರಿಪಡಿಸುವುದು ನಿಧಾನದ ಕೆಲಸ, ಆದರೆ ಆಗದ ಕೆಲಸವಲ್ಲ.

ಇನ್ನು ನನ್ನ ತಪ್ಪು. ಅಂಗಡಿಯೊಳಗೆ ಅಟ್ಟ ಹಾಕಿ ಭಾರ ಹೇರಿದವನು ನಾನೇ. ಗೋಡೆಗೆ ಸಿಮೆಂಟ್ ಬಳಿಸಿದವನೂ ನಾನೇ. ಕೊಳೆತ ಎಲೆ ಸುರಿದು ಚರಂಡಿ ಕಟ್ಟಿಸಿದ್ದೂ ನಾನೇ. ತಿಂಗಳ ಬಾಡಿಗೆ ಕೊಟ್ಟೆ, ನನ್ನ ಕರ್ತವ್ಯ ಮುಗಿಯಿತು ಎಂದುಕೊಂಡೆ. ಆಡಳಿತವನ್ನು ಬೈಯುವ ಮೊದಲು ನನ್ನ ಅಂತರಂಗ ನೋಡಿಕೊಳ್ಳಬೇಕಿತ್ತು. ಮೊನ್ನೆ ಆ ಅಟ್ಟ ಬಿಚ್ಚಿಸಿದೆ. ಚರಂಡಿಯನ್ನು ನಾನೇ ಕೈಯಾರೆ ಬಳಿದೆ.

ನಿಮ್ಮಲ್ಲಿ ನನ್ನ ಅರಿಕೆ ಇಷ್ಟೇ. ಕಾಯಕದಿಂದ ಬಂದುದರಲ್ಲಿ ಒಂದು ಪಾಲನ್ನು ದಾಸೋಹಕ್ಕೆ ಎತ್ತಿಡುವವರು ನಾವು. ಕಾಯಕಕ್ಕೆ ನೆರಳು ಕೊಟ್ಟ ಸೂರಿಗೂ ಅದರಲ್ಲೊಂದು ಪಾಲಿರಲಿ. ನಿಮ್ಮ ಓಣಿಯಲ್ಲಿ ಹಳೆಯ ಮಠ, ಪ್ರಸಾದ ನಿಲಯ, ಛತ್ರಗಳಿದ್ದರೆ ಈ ಮಳೆಗಾಲಕ್ಕೆ ಮೊದಲೇ ಹತ್ತಿ ತಾರಸಿ ನೋಡಿ. ಗಿಡ ಮೊಳೆತಿದ್ದರೆ ಕಿತ್ತುಹಾಕಿ. ಕೆಡವುವ ಮಾತು ಬರುವತನಕ ಕಾದರೆ ತಡವಾಗುತ್ತದೆ. ನಾವು ಹಾಗೆ ಕಾದವರು.