ಹುಟ್ಟಿನಿಂದ ಬಂದದ್ದೋ, ಹಚ್ಚಿಕೊಂಡದ್ದೋ?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಎಂಜಿನಿಯರ್ ಅಂದಮೇಲೆ ಕಂಪ್ಯೂಟರ್ ಬಗ್ಗೆ ಮಾತಾಡಲಿ ಎಂದು ಸಮಿತಿಯವರು ಹೇಳಿದ್ದರು. ನಾನು ಬೇರೆ ವಿಷಯ ಕೇಳಿಕೊಂಡೆ. ಯಾಕೆಂದರೆ ಊರಿಗೆ ಬಂದಾಗಲೆಲ್ಲ ಪಾಲಕರು ನನ್ನನ್ನು ಕೇಳುವುದು ಬೇರೆಯೇ. "ನಮ್ಮ ಹುಡುಗಿ ಚಲೋ ಚಿತ್ರ ತೆಗೀತಾಳೆ. ಅದು ಹುಟ್ಟಿನಿಂದ ಬಂದಿದ್ರೆ ಮುಂದುವರಿಸೋಣ, ಇಲ್ಲಾಂದ್ರೆ ಸುಮ್ನೆ ಸೈನ್ಸಿಗೆ ಹಚ್ಚೋಣ. ನಿಮಗೇನನ್ನಸ್ತದ?" ಈ "ಹುಟ್ಟಿನಿಂದ" ಎಂಬ ಮಾತಿನ ಬಗ್ಗೆಯೇ ಇವತ್ತು ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಸೀಮೆಯಲ್ಲಿ ಈ ಮಾತಿಗೆ ಒಂದು ಚರಿತ್ರೆ ಇದೆ. ಹಳಿಯಾಳ, ಜೋಯಿಡಾ, ಮುಂಡಗೋಡ, ಯಲ್ಲಾಪುರದ ಕಾಡಂಚಿನಲ್ಲಿ ಬಾಳುತ್ತಿರುವ ಸಿದ್ದಿ ಸಮುದಾಯದ ಪೂರ್ವಜರು ಆಫ್ರಿಕಾದಿಂದ ಬಂದವರು. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಓಟಕ್ಕೆ ತರಬೇತಿ ಕೊಟ್ಟಿತು. ಆಫ್ರಿಕಾ ಮೂಲದವರು ಹುಟ್ಟಾ ಓಟಗಾರರು ಎಂಬ ನಂಬಿಕೆ ಅದರ ಹಿಂದಿತ್ತು. ಮಕ್ಕಳು ಓಡಿದರು, ಪದಕಗಳನ್ನೂ ತಂದರು. 1990ರ ದಶಕದ ಆರಂಭದಲ್ಲಿ ಆ ಯೋಜನೆ ನಿಂತುಹೋಯಿತು. ಕೆಲವರಿಗೆ ನೌಕರಿ ಸಿಕ್ಕಿತು, ಹಲವರು ಹೊಲಕ್ಕೆ, ಕೂಲಿಗೆ ಮರಳಿದರು. ಯೋಚನೆ ಮಾಡಿ ನೋಡಿ. ಯೋಜನೆ ನಿಂತ ಮರುದಿನವೂ ಆ ಮಕ್ಕಳ ಕಾಲು ಅವೇ ಇದ್ದವು, ರಕ್ತವೂ ಅದೇ ಇತ್ತು. ಇಲ್ಲವಾದದ್ದು ತರಬೇತುದಾರ, ಹಾಸ್ಟೆಲು, ಹೊಟ್ಟೆ ತುಂಬ ಊಟ, ಓಡುವ ಮೈದಾನ. ಹುಟ್ಟಿನಿಂದಲೇ ಬಂದಿದ್ದರೆ ಅದು ಹೀಗೆ ನಿಲ್ಲುತ್ತಿತ್ತೇ?

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇನ್ನೊಂದು ಕೆಲಸವೂ ನಡೆಯಿತು. ಹೆಗ್ಗೋಡಿನ ನೀನಾಸಂನ ರಂಗಕರ್ಮಿಗಳು ಯಲ್ಲಾಪುರ ತಾಲೂಕಿನ ಮಂಚಿಕೇರಿಗೆ ಬಂದು ಸಿದ್ದಿಗಳ ಜೊತೆ ಕೂತು ನಾಟಕ ಕಟ್ಟಿದರು. ಚಿದಂಬರರಾವ್ ಜಂಬೆಯವರು ನಿರ್ದೇಶಿಸಿದ ಆ ನಾಟಕ ನೈಜೀರಿಯಾದ ಲೇಖಕ ಚಿನುವಾ ಅಚಿಬೆಯವರ ಕಾದಂಬರಿಯೊಂದರ ರೂಪಾಂತರ. ಡಮಾಮಿ ಬಾರಿಸಿ ಕುಣಿಯುವ ಜನರಿಗೆ ಕುಣಿತ ಗೊತ್ತಿತ್ತು, ನಿಜ. ಆದರೆ ಮಾತನ್ನು ಬಾಯಿಪಾಠ ಮಾಡುವುದು, ರಂಗದ ಮೇಲೆ ಎಲ್ಲಿ ನಿಲ್ಲಬೇಕು, ಯಾವಾಗ ಸುಮ್ಮನಿರಬೇಕು ಎನ್ನುವುದನ್ನೆಲ್ಲ ತಾಲೀಮಿನಲ್ಲೇ ಕಲಿಯಬೇಕು. ಆ ಭಾಗದಲ್ಲಿ ನಾಟಕದ ನಂಟು ಆಮೇಲೂ ಉಳಿಯಿತು. ನಟಿ, ಗಾಯಕಿ ಗಿರಿಜಾ ಸಿದ್ದಿಯವರು ಅಲ್ಲಿಂದಲೇ ನೀನಾಸಂಗೆ ಹೋಗಿ ಕಲಿತವರು, ಹಿಂದೂಸ್ತಾನಿ ಸಂಗೀತವನ್ನೂ ಅಭ್ಯಾಸ ಮಾಡಿದವರು. ಸಿದ್ದಿ ಹುಡುಗಿ ಅಂದರೆ ಕುಣಿಯಬೇಕು, ಇಲ್ಲವೇ ಓಡಬೇಕು ಎಂದು ನೋಡುವವರು ಮೊದಲೇ ತೀರ್ಮಾನಿಸಿಬಿಟ್ಟಿದ್ದರು. ಸ್ವರ ಹಚ್ಚಿ ರಾಗ ಹಾಡುವುದು ಆ ತೀರ್ಮಾನದಲ್ಲಿ ಇರಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. "ಅವನಿಗೆ ಹುಟ್ಟಿನಿಂದ ಬಂದಿದೆ" ಎನ್ನುವುದು ಹೊಗಳಿಕೆಯ ಹಾಗೆ ಕೇಳಿಸುತ್ತದೆ. ಆದರೆ ಅದು ಕಲಿತವನ ದುಡಿಮೆಯನ್ನು ಮರೆಸುತ್ತದೆ, ಕಲಿಸಬೇಕಾದವರ ಹೊಣೆಯನ್ನು ಇಳಿಸುತ್ತದೆ, ಪಕ್ಕದಲ್ಲಿ ಕೂತ ಇನ್ನೊಂದು ಮಗುವಿನ ಬಾಗಿಲು ಮುಚ್ಚುತ್ತದೆ.

ನಮ್ಮ ಸುತ್ತಲೇ ನೋಡಿ. ಸಿದ್ದಿ ತಾಯಂದಿರು ಹೊಲಿಯುವ ಕೌದಿಗಳು ಅಮೆರಿಕದ ವಸ್ತುಸಂಗ್ರಹಾಲಯದವರೆಗೆ ಹೋಗಿ ಪ್ರದರ್ಶನಗೊಂಡಿವೆ. ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತ ಒಳಕ್ಕೆ ಬರುತ್ತಾರೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಹೂವು ಇಡದಿದ್ದರೆ ಕೌದಿ ಮುಗಿದಂತಲ್ಲ. ಈ ಬಣ್ಣದ ಪಕ್ಕ ಆ ಬಣ್ಣ ಯಾಕೆ ಎಂಬುದನ್ನು ಅವರಿಗೆ ಯಾವ ಪುಸ್ತಕವೂ ಹೇಳಿಕೊಟ್ಟಿಲ್ಲ. ಅವ್ವನ ಪಕ್ಕ ಕೂತು ಸೂಜಿ ಹಿಡಿದು ಕೈಗೆ ಬಂದದ್ದು. ಮುಂಡಗೋಡಿನ ಟಿಬೆಟನ್ ಕಾಲೊನಿಗೆ ಹೋಗಿ. 1966ರಲ್ಲಿ ಶುರುವಾದ ಆ ವಸತಿಯ ಮಠಗಳಲ್ಲಿ ಭಿಕ್ಷುಗಳು ಬಣ್ಣದ ಮರಳಿನಲ್ಲಿ ಮಂಡಲ ಬಿಡಿಸುವುದನ್ನು ಕಲಿಯುತ್ತಾರೆ. ಥಂಕಾ ಚಿತ್ರ ಕಲಿಯುವವರು ಮೊದಲು ಗೆರೆಯ ಚೌಕಗಳನ್ನು ಎಳೆದು, ಅಳತೆ ಹಿಡಿದು ಬುದ್ಧನ ಮುಖವನ್ನು ಮತ್ತೆ ಮತ್ತೆ ಬರೆಯುತ್ತಾರೆ. ಬಣ್ಣ ಬರುವುದು ಆಮೇಲೆ.

ಇನ್ನೊಂದು ಉದಾಹರಣೆ ಮುಂಡಗೋಡದ ಪಕ್ಕದ ಹಾನಗಲ್ಲಿನ ಹೆಸರು ಹೊತ್ತವರದು. 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಬಲ್ಲವರು. ಅಂದಮೇಲೆ ಸಂಗೀತ ರಕ್ತದಲ್ಲೇ ಇತ್ತು ಎನ್ನಬಹುದು. ಆದರೆ ಮುಂದೆ ಗಂಟಲಿನ ಚಿಕಿತ್ಸೆಯಾದ ಮೇಲೆ ಅವರ ದನಿಯೇ ಬದಲಾಗಿ, ಗಂಡಸಿನ ದನಿಯಂತೆ ಗಡುಸಾಯಿತು. ಹುಟ್ಟಿನಿಂದ ಬಂದ ದನಿಯನ್ನೇ ನಂಬಿ ಕೂತವರಾಗಿದ್ದರೆ ಅಲ್ಲಿಗೆ ಮುಗಿಯಬೇಕಿತ್ತು. ಅವರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತವರು. ಒಂದೇ ಪಲುಕನ್ನು ದಿನಗಟ್ಟಲೆ ತಿದ್ದಿಸಿಕೊಂಡವರು. ಆ ಗುರುವಿನ ದನಿಯೂ ಮೊದಲಿಗೆ ಸಲೀಸಾಗಿರಲಿಲ್ಲ, ಸಾಧನೆಯಿಂದ ಪಳಗಿಸಿಕೊಂಡದ್ದು ಎಂದು ಸಂಗೀತ ಬಲ್ಲವರು ಹೇಳುತ್ತಾರೆ. ಬದಲಾದ ದನಿಯಲ್ಲೇ ಹಾಡಿದ ಗಂಗೂಬಾಯಿಯವರಿಗೆ 2002ರಲ್ಲಿ ಪದ್ಮವಿಭೂಷಣ ಬಂತು.

ಹಾಗಾದರೆ ಪ್ರೀತಿಯೊಂದಿದ್ದರೆ ಸಾಕೇ ಎಂದು ಮಕ್ಕಳು ಕೇಳಬಹುದು. ಸಾಲದು. ಎಲ್ಲರ ಕೊರಳೂ ಒಂದೇ ಥರ ಇರುವುದಿಲ್ಲ, ಕೆಲವರಿಗೆ ಬೇಗ ಹತ್ತುತ್ತದೆ, ಕೆಲವರಿಗೆ ತಡ. ಇದನ್ನು ಸುಳ್ಳು ಎನ್ನಲಾರೆ. ಪ್ರೀತಿಯಲ್ಲೂ ಎರಡು ಬಗೆ. ಚಪ್ಪಾಳೆ ಮೇಲಿನ ಪ್ರೀತಿ ಒಂದು, ಕೆಲಸದ ಮೇಲಿನ ಪ್ರೀತಿ ಇನ್ನೊಂದು. ಗುರುತಿಸುವುದು ಸುಲಭ. ಯಾರೂ ನೋಡದಾಗ, ಬೇಸರ ಬರುವ ಭಾಗವನ್ನೂ ಮಗು ತಾನಾಗಿ ಮತ್ತೆ ಮಾಡುತ್ತದೆಯೇ? ಕೆಟ್ಟುಹೋದ ಚಿತ್ರವನ್ನು ಹರಿದು ಹಾಕಿ ಸುಮ್ಮನಾಗುತ್ತದೆಯೋ, ಇನ್ನೊಂದು ಹಾಳೆ ಕೇಳುತ್ತದೆಯೋ? ಇನ್ನೊಂದು ಹಾಳೆ ಕೇಳುವ ಮಗುವಿಗೆ ದಯವಿಟ್ಟು ಹಾಳೆ ಕೊಡಿ. ನನ್ನ ಕಸುಬಿನಲ್ಲೂ ಅಷ್ಟೇ. ಬರೆದ ಪ್ರೋಗ್ರಾಂ ಮೊದಲ ಸಲಕ್ಕೆ ಸರಿಯಾಗಿ ಓಡುವುದು ಅಪರೂಪ. ತಪ್ಪು ಹುಡುಕುತ್ತ ಕೂರುವ ತಾಳ್ಮೆ ಇದ್ದವನೇ ಕೆಲಸಗಾರ.

ಹೊಟ್ಟೆಪಾಡಿನ ಪ್ರಶ್ನೆಯನ್ನು ನಾನು ಮರೆತಿಲ್ಲ. ದಾಂಡೇಲಿಯ ಕಾಗದದ ಕಾರ್ಖಾನೆಯ ಪಾಳಿಗೆ ಹೋಗಿಬಂದು, ಭತ್ತ, ಕಬ್ಬು ಬೆಳೆದು ಮಕ್ಕಳನ್ನು ಓದಿಸಿದ ಅಪ್ಪ ಅವ್ವಂದಿರು ನೀವು. ನಿಮ್ಮ ಹೆದರಿಕೆ ನ್ಯಾಯವಾದದ್ದೇ. ಎಸ್ಸೆಸ್ಸೆಲ್ಸಿ ಆದ ಕೂಡಲೇ ಎಲ್ಲ ಬಿಟ್ಟು ಬಣ್ಣ ಹಚ್ಚಲು ಹೋಗಲಿ ಎಂದು ನಾನು ಹೇಳುವುದಿಲ್ಲ. ಹಗಲು ಗದ್ದೆ ಕೆಲಸ ಮಾಡಿ ರಾತ್ರಿ ವೇಷ ಕಟ್ಟುವವರು ನಮ್ಮ ಜಿಲ್ಲೆಗೆ ಹೊಸಬರೇನಲ್ಲ. ಓದೂ ನಡೆಯಲಿ, ಹಾಡೂ ನಡೆಯಲಿ. ಹದಿನೈದನೇ ವಯಸ್ಸಿಗೇ "ನಿನ್ನಲ್ಲಿ ಅದಿಲ್ಲ" ಎಂದು ತೀರ್ಪು ಕೊಡುವುದು ಮಾತ್ರ ಬೇಡ.

ಕೊನೆಯದಾಗಿ ಒಂದು ಕೋರಿಕೆ. ಪ್ರತಿಭಾ ಕಾರಂಜಿ ನಮಗೆಲ್ಲ ಗೊತ್ತು. ಗೆದ್ದವರು ಕ್ಲಸ್ಟರಿನಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ ಹೋಗುತ್ತಾರೆ. ಒಳ್ಳೆಯದೇ. ಆದರೆ ಅದು ಇದ್ದದ್ದನ್ನು ಆರಿಸುವ ದಿನ, ಇಲ್ಲದ್ದನ್ನು ಬೆಳೆಸುವ ದಿನವಲ್ಲ. ಆದ್ದರಿಂದ ಸುವರ್ಣ ಮಹೋತ್ಸವದ ನಿಧಿಯಲ್ಲಿ ಕಮಾನು, ಫಲಕಗಳಿಗೆ ತೆಗೆದಿಟ್ಟು ಉಳಿಯುವ ಹಣದಲ್ಲಿ ಒಂದು ಕೋಣೆಗೆ ಪಾಲು ಇರಲಿ. ಒಂದು ಹಾರ್ಮೋನಿಯಂ, ಒಂದು ಜೊತೆ ತಬಲಾ, ಬಣ್ಣ, ಹಾಳೆ, ಸೂಜಿ ದಾರ ಅಲ್ಲಿರಲಿ. ಪ್ರತಿ ಶನಿವಾರ ಮಧ್ಯಾಹ್ನ ಎರಡು ತಾಸು ಅದರ ಬಾಗಿಲು ತೆರೆದಿರಲಿ. ಕಲಿಸುವವರು ದೂರದಿಂದಲೇ ಬರಬೇಕೆಂದಿಲ್ಲ. ಕೌದಿ ಹೊಲಿಯುವ ಅಜ್ಜಿ, ಭಜನೆಯ ತಬಲಾದವರು, ನಾಟಕ ಆಡಿಸಿದ ಕಾಕಾ ಎಲ್ಲರೂ ಈ ಪೆಂಡಾಲಿನಲ್ಲೇ ಕೂತಿದ್ದಾರೆ. ಅವರ ಗೌರವಧನದಲ್ಲಿ ನಮ್ಮ ಬ್ಯಾಚಿನ ಪಾಲು ಕೊಡಲು ನಾವು ಸಿದ್ಧ, ಉಳಿದ ಬ್ಯಾಚಿನವರೂ ಕೈ ಜೋಡಿಸಬೇಕು.

ಆ ಕೋಣೆಗೆ ಒಂದೇ ನಿಯಮ ಸಾಕು. ಬರುವ ಮಗುವನ್ನು "ನಿನಗೆ ಬರ್ತದೇನು?" ಎಂದು ಕೇಳಬಾರದು. "ಮುಂದಿನ ಶನಿವಾರ ಬರ್ತೀಯೇನು?" ಎಂದು ಕೇಳಬೇಕು.