ಬಾಡಿಗೆ ಮನೆಯ ಮಕ್ಕಳು

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ದಿನ ದೊಡ್ಡಬಳ್ಳಾಪುರದಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)

 

ವಿದ್ಯೆಯ ಮಹತ್ವದ ಬಗ್ಗೆ ನಾಲ್ಕು ಮಾತಾಡಿ ಎಂದು ಕರೆದಿದ್ದಾರೆ. ವಿದ್ಯೆಯ ಮಹತ್ವ ತಿಳಿಯದವರು ಯಾರೂ ಭಾನುವಾರ ಬೆಳಿಗ್ಗೆ ಮಗ್ಗ ನಿಲ್ಲಿಸಿ, ಒಂದು ದಿನದ ಕೂಲಿ ಬಿಟ್ಟು ಇಲ್ಲಿಗೆ ಬರುವುದಿಲ್ಲ. ಹಾಗಾಗಿ ಅದನ್ನು ಬಿಟ್ಟು ಮನೆಯ ವಿಷಯ ಮಾತಾಡುತ್ತೇನೆ. ಸ್ವಂತ ಮನೆಯಲ್ಲ, ಬಾಡಿಗೆ ಮನೆ. ಇಲ್ಲಿ ಕುಳಿತಿರುವ ಹೆಚ್ಚಿನ ಮಕ್ಕಳು ಆ ಮನೆಗಳಿಂದ ಬಂದವರು.

ನಮ್ಮ ಊರಿನ ಸಾಧಾರಣ ಬಾಡಿಗೆ ಮನೆ ಹೇಗಿರುತ್ತದೆಂದು ದಾನಿಗಳಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಒಂದು ಹಾಲು, ಒಂದು ಅಡುಗೆ ಮನೆ, ಹೊರಗೆ ನಾಲ್ಕು ಸಂಸಾರಕ್ಕೆ ಒಂದೇ ನೀರಿನ ತೊಟ್ಟಿ. ಮೇಲೆ ಶೀಟು, ಇಲ್ಲವೇ ಅನುಕೂಲವಿದ್ದರೆ ಮೋಲ್ಡು. ಪಕ್ಕದ ಗೋಡೆಯ ಆಚೆ ಎರಡೋ ನಾಲ್ಕೋ ವಿದ್ಯುತ್ ಮಗ್ಗ. ಇಸ್ಲಾಂಪುರದಲ್ಲಾಗಲಿ, ಊರಿನ ಬೇರೆ ಕೇರಿಗಳಲ್ಲಾಗಲಿ ಆ ಸದ್ದು ಬೆಳಗಿನಿಂದ ರಾತ್ರಿಯವರೆಗೂ ಇರುತ್ತದೆ. ಇಲ್ಲಿ ಹುಟ್ಟಿದ ಮಕ್ಕಳು ಆ ಸದ್ದಿನಲ್ಲೇ ನಿದ್ದೆ ಮಾಡಬಲ್ಲರು, ಆದರೆ ಗಣಿತ ಮಾಡಲಾರರು. ಕರೆಂಟು ಹೋದಾಗ ಸದ್ದು ನಿಲ್ಲುತ್ತದೆ, ಆಗ ಓದೋಣವೆಂದರೆ ಬೆಳಕಿರುವುದಿಲ್ಲ! ಇದನ್ನು ನಾನು ತಮಾಷೆಗೆ ಹೇಳಿದರೂ ಪರೀಕ್ಷೆಯ ತಿಂಗಳಲ್ಲಿ ಇದು ತಮಾಷೆಯಲ್ಲ. ನಲ್ಲಿಯಲ್ಲಿ ನೀರು ಬರುವ ದಿನ ಮನೆಯ ದೊಡ್ಡ ಹುಡುಗಿ ಶಾಲೆಗೆ ತಡ. ಜಕ್ಕಲಮಡಗು ಜಲಾಶಯದಲ್ಲಿ ನೀರೆಷ್ಟಿದೆ ಎಂಬುದು ನನ್ನ ತರಗತಿಯ ಹಾಜರಿ ಪುಸ್ತಕದಲ್ಲೇ ಕಾಣುತ್ತಿತ್ತು.

ಇಷ್ಟೆಲ್ಲ ಇದ್ದರೂ ಮಕ್ಕಳು ಓದುತ್ತಾರೆ. ಸದ್ದಿಗೆ ಒಗ್ಗಿಕೊಳ್ಳುತ್ತಾರೆ, ನೀರಿಗೆ ಹೊಂದಿಕೊಳ್ಳುತ್ತಾರೆ. ಅವರ ಓದು ಮುರಿದು ಬೀಳುವುದು ಮನೆ ಬದಲಾದಾಗ.

ಕರಾರು ಪತ್ರ ಹನ್ನೊಂದು ತಿಂಗಳಿಗೆ ಬರೆಯುತ್ತಾರೆ. ಯಾಕೆ ಹನ್ನೊಂದು ಎಂದು ಎಷ್ಟೋ ಮಂದಿ ಕೇಳಿದ್ದಾರೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚು, ಆ ಓಡಾಟ ಬೇಡವೆಂದು ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಮಾಲೀಕರಿಗೂ ಅದೇ ಅನುಕೂಲ. ಆದರೆ ಶಾಲೆಯ ವರ್ಷ ಜೂನಿನಿಂದ ಏಪ್ರಿಲ್. ಕರಾರಿನ ವರ್ಷ ಪ್ರತಿಸಲ ಒಂದು ತಿಂಗಳು ಹಿಂದೆ ಸರಿಯುತ್ತಾ ಹೋಗುತ್ತದೆ. ಮೇ ತಿಂಗಳಲ್ಲಿ ಮನೆ ಸೇರಿದವರ ಎರಡನೇ ಕರಾರು ಏಪ್ರಿಲ್‌ನಲ್ಲಿ, ಮೂರನೆಯದು ಮಾರ್ಚ್‌ನಲ್ಲಿ. ಮಾರ್ಚ್ ಎಂದರೆ ಎಸ್ಸೆಸ್ಸೆಲ್ಸಿ. ಬಾಡಿಗೆ ಏರಿಸುವ ಮಾತು, ಮಗನ ಮದುವೆ ಇದೆ ಮನೆ ಬೇಕು ಎಂಬ ಮಾತು, ಎಲ್ಲ ಆಗಲೇ ಬರುತ್ತದೆ.

ಬಾಡಿಗೆ ಏರುತ್ತಿರುವುದಕ್ಕೆ ಮಾಲೀಕರನ್ನಷ್ಟೇ ದೂರುವುದು ಸರಿಯಲ್ಲ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದಾಗಿನಿಂದ ಈ ಕಡೆಯ ಭೂಮಿಯ ಬೆಲೆಯೇ ಬೇರೆ ಆಯಿತು. ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶ, ಅಪೆರಲ್ ಪಾರ್ಕ್, ಈಗ ದೇವನಹಳ್ಳಿ ಕಡೆ ಫಾಕ್ಸ್‌ಕಾನ್. ಹೊರಗಿನಿಂದ ಬಂದ ನಾಲ್ಕು ಹುಡುಗರು ಒಂದೇ ಹಾಲನ್ನು ಹಂಚಿಕೊಂಡು ತಲೆಗೆ ಇಷ್ಟು ಎಂದು ಕೊಡುತ್ತಾರೆ. ಮೂರು ಮಕ್ಕಳ ಒಂದು ಸಂಸಾರ ಅಷ್ಟು ಕೊಡಲಾರದು. ನಮ್ಮ ಬೀದಿಯಲ್ಲಿ ಮನೆ ಖಾಲಿಯಾದರೆ ಬೋರ್ಡು ಕೂಡ ಹಾಕುವುದಿಲ್ಲ, ಸಂಜೆಯೊಳಗೆ ಹೋಗಿರುತ್ತದೆ. ಇನ್ನು ಹೆಸರು ಕೇಳಿ ಮನೆ ಇಲ್ಲ ಎನ್ನುವವರೂ ಇದ್ದಾರೆ. ಅದನ್ನು ಮುಚ್ಚಿಡಬೇಕಿಲ್ಲ. ಹಾಗೆಯೇ, ಮಗ್ಗ ನಿಂತುಹೋಗಿದ್ದ ತಿಂಗಳುಗಳಲ್ಲಿ ಬಾಡಿಗೆ ಕೇಳದೆ ಸುಮ್ಮನಿದ್ದ ನೇಕಾರ ಮಾಲೀಕರೂ ಇದೇ ಊರಿನಲ್ಲಿದ್ದಾರೆ, ಅವರಲ್ಲಿ ದೇವಾಂಗದವರೂ ಇದ್ದಾರೆ, ನಮ್ಮವರೂ ಇದ್ದಾರೆ. ಎರಡನ್ನೂ ಹೇಳಬೇಕು.

ಮನೆ ಬದಲಾಯಿಸುವ ಖರ್ಚನ್ನು ಲೆಕ್ಕ ಹಾಕಿ ನೋಡಿ. ಹಳೆ ಮನೆಯ ಅಡ್ವಾನ್ಸ್ ಪೂರ್ತಿ ಕೈಗೆ ಬರುವುದಿಲ್ಲ. ಬಣ್ಣ ಬಳಿಯುವುದಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಪದ್ಧತಿಯೇ ಆಗಿದೆ. ಹೊಸ ಮನೆಗೆ ಹೆಚ್ಚಿನ ಅಡ್ವಾನ್ಸ್, ಬ್ರೋಕರಿಗೆ ಒಂದಿಷ್ಟು, ಟೆಂಪೋಗೆ ಒಂದಿಷ್ಟು. ಈ ಹಣ ಎಲ್ಲಿಂದ ಬರುತ್ತದೆ? ಮೊದಲು ಹೆಂಡತಿಯ ಕಿವಿಯಿಂದ, ಆಮೇಲೆ ಸ್ವಸಹಾಯ ಸಂಘದ ಸಾಲದಿಂದ, ಕೊನೆಗೆ ಮಗುವಿನ ಫೀಸಿನಿಂದ. ಕ್ರಮ ಹೆಚ್ಚು ಕಡಿಮೆ ಇದೇ.

ಇದರಿಂದ ತಪ್ಪಿಸಿಕೊಳ್ಳಲು ಜನ ಭೋಗ್ಯಕ್ಕೆ ಹೋಗುತ್ತಾರೆ. ಊರಿನಲ್ಲಿ ಎಲ್ಲರೂ ಲೀಸು ಎನ್ನುವುದು ಇದನ್ನೇ. ನಾಲ್ಕೈದು ಲಕ್ಷ ಒಟ್ಟಿಗೆ ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆ ಇಲ್ಲ, ಬಿಡುವಾಗ ಹಣ ವಾಪಸು. ಬಡ ಸಂಸಾರಕ್ಕೆ ಇದು ದೊಡ್ಡ ನೆಮ್ಮದಿ, ಅಲ್ಲಗಳೆಯುವುದಿಲ್ಲ. ಆದರೆ ಮಗಳು ಪಿಯುಸಿ ಮುಗಿಸಿ ನರ್ಸಿಂಗ್ ಸೇರಬೇಕೆಂದಾಗ ಅದೇ ಹಣ ಗೋಡೆಯೊಳಗೆ ಸಿಕ್ಕಿಕೊಂಡಿರುತ್ತದೆ. ಇನ್ನೊಂದು ಅಪಾಯವಿದೆ. ಮಾಲೀಕರು ಆ ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲ ಮಾಡಿದ್ದು, ಕಂತು ಕಟ್ಟದೆ ಹೋದರೆ ಬ್ಯಾಂಕಿನವರು ಬಂದು ಬೀಗ ಹಾಕುತ್ತಾರೆ. ಬೆಂಗಳೂರಿನಲ್ಲಿ ಎಷ್ಟೋ ಸಂಸಾರಗಳು ಹೀಗೆ ಬೀದಿಗೆ ಬಂದಿವೆ. ದಯವಿಟ್ಟು ಭೋಗ್ಯದ ಹಣ ಕೊಡುವ ಮೊದಲು ಆ ಆಸ್ತಿಯ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ ನೋಡಿ. ಕಾವೇರಿ ತಂತ್ರಾಂಶದಲ್ಲಿ ಆನ್‌ಲೈನ್ ಸಿಗುತ್ತದೆ. ಕರಾರನ್ನು ನೋಂದಣಿ ಮಾಡಿಸಿ, ಹಣವನ್ನು ಚೆಕ್ಕಿನಲ್ಲೋ ಬ್ಯಾಂಕಿನ ಮೂಲಕವೋ ಕೊಡಿ. ಒಳ್ಳೆಯ ಮನುಷ್ಯ, ನಮಾಜಿ ಮನುಷ್ಯ ಎಂದು ನೋಟು ಎಣಿಸಿ ಕೊಡಬೇಡಿ. ಸಾಲದ ವ್ಯವಹಾರವನ್ನು ಬರೆದಿಡಿ ಎಂದು ಕುರ್‌ಆನ್ ಹೇಳಿರುವುದು ಅಪನಂಬಿಕೆಯಿಂದಲ್ಲವಲ್ಲ.

ಈಗ ಟ್ರಸ್ಟಿನ ವಿಷಯಕ್ಕೆ ಬರುತ್ತೇನೆ. ಕಳೆದ ಸಾಲಿನಲ್ಲಿ ನವೀಕರಣಕ್ಕೆ ಅರ್ಜಿ ಹಾಕದ ಮಕ್ಕಳ ಹೆಸರುಗಳನ್ನು ಕಾರ್ಯದರ್ಶಿಯವರಿಂದ ಪಡೆದು ಒಂದೊಂದಾಗಿ ಹುಡುಕಿಕೊಂಡು ಹೋದೆ. ನಿವೃತ್ತನಿಗೆ ಸಮಯಕ್ಕೇನು ಬರ. ಓದು ಬೇಡವಾಯಿತು ಎಂದವರು ಬಹಳ ಕಡಿಮೆ. ಹೆಚ್ಚಿನವರ ಬಾಗಿಲಲ್ಲಿ ಬೇರೆ ಸಂಸಾರವಿತ್ತು. "ಅವರು ಖಾಲಿ ಮಾಡಿದರು" ಎಂದರು.

ಅದರಲ್ಲಿ ಒಂದು ಹುಡುಗಿಯ ಕಥೆ ಹೇಳುತ್ತೇನೆ, ಹೆಸರು ಬೇಡ. ಏಳನೇ ತರಗತಿ. ತಂದೆ ಕೂಲಿಗೆ ಮಗ್ಗ ನಡೆಸುವವರು, ತಾಯಿ ಗಾರ್ಮೆಂಟ್ಸ್. ಮಾಲೀಕರು ಮನೆ ಮಾರಿದ್ದರಿಂದ ನವೆಂಬರಿನಲ್ಲಿ ಖಾಲಿ ಮಾಡಿ ಬಾಶೆಟ್ಟಿಹಳ್ಳಿ ಕಡೆ ಹೋದರು. ಹಳೆಯ ಶಾಲೆ ಖಾಸಗಿ. ಫೀಸು ಬಾಕಿ ಇದೆ, ಕಟ್ಟಿದರೆ ಟಿ.ಸಿ. ಎಂದರು. ಕಟ್ಟಲು ಹಣವಿಲ್ಲ, ಹಣವೆಲ್ಲ ಅಡ್ವಾನ್ಸಿಗೆ ಹೋಗಿದೆ. ಟಿ.ಸಿ. ಇಲ್ಲದೆ ಹೊಸ ಶಾಲೆಗೆ ಸೇರಿಸುವುದಿಲ್ಲ ಎಂದುಕೊಂಡು ತಂದೆ ತಾಯಿ ಯಾವ ಶಾಲೆಯ ಬಾಗಿಲಿಗೂ ಹೋಗಲಿಲ್ಲ. ನಾನು ಹೋದಾಗ ಫೆಬ್ರವರಿ. ಹುಡುಗಿ ಮನೆಯಲ್ಲಿ ಕೂತು ಕಂಡಿಕೆ ಸುತ್ತುತ್ತಿದ್ದಳು, ಕೈ ಬಹಳ ಚುರುಕು. ತಿಂಗಳಿಗೆ ಇಷ್ಟು ಬರುತ್ತದೆ ಎಂದು ಹೆಮ್ಮೆಯಿಂದಲೇ ಹೇಳಿದಳು. ನನಗೆ ಹೆದರಿಕೆಯಾದದ್ದು ಆ ಹೆಮ್ಮೆಯನ್ನು ನೋಡಿ. ಇನ್ನು ಆರು ತಿಂಗಳು ಹೋಗಿದ್ದರೆ ಅವಳು ಬರುತ್ತಿರಲಿಲ್ಲ.

ಪೋಷಕರು ಇದನ್ನು ಬರೆದುಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ ಎಂಟನೇ ತರಗತಿಯವರೆಗಿನ ಮಗು ಯಾವ ಕಾರಣಕ್ಕೇ ಆಗಲಿ ಊರು ಬದಲಿಸಿದರೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗವಾಗುವ ಹಕ್ಕಿದೆ. ಮುಖ್ಯ ಶಿಕ್ಷಕರು ಟಿ.ಸಿ.ಯನ್ನು ಕೂಡಲೇ ಕೊಡಬೇಕು. ಟಿ.ಸಿ. ತಡವಾಯಿತು ಎಂಬ ಕಾರಣಕ್ಕೆ ಹೊಸ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ. ಆ ಹುಡುಗಿಯನ್ನು ಮರುದಿನವೇ ಹತ್ತಿರದ ಸರ್ಕಾರಿ ಶಾಲೆಗೆ ಕರೆದುಕೊಂಡು ಹೋದೆವು, ಸೇರಿಸಿಕೊಂಡರು. ಈಗ ಎಂಟನೇ ತರಗತಿ, ಬಿಸಿಯೂಟಕ್ಕೆ ಮೊದಲು ತಟ್ಟೆ ಹಿಡಿಯುವವಳು ಅವಳೇ ಎಂದು ಅವರ ಮೇಡಂ ನಗುತ್ತಾ ಹೇಳಿದರು. ಬಿ.ಇಡಿ.ಯಲ್ಲಿ ನಮಗೆ ಹರ್ಬಾರ್ಟ್ ಪಂಥದ ಐದು ಹಂತಗಳ ಪಾಠ ಯೋಜನೆ ಕಲಿಸಿದರು. ವರ್ಷದ ಮಧ್ಯದಲ್ಲಿ ಟೆಂಪೋ ಹತ್ತಿ ಬಂದ ಮಗುವಿಗೆ ಯಾವ ಹಂತದಿಂದ ಶುರು ಮಾಡಬೇಕೆಂದು ಕಲಿಸಲಿಲ್ಲ.

ಆಕೆಗೆ ಟ್ರಸ್ಟಿನ ಹಣ ಯಾಕೆ ತಲುಪಲಿಲ್ಲ? ನಮ್ಮ ಅರ್ಜಿಯಲ್ಲಿ ಮಗು ಅದೇ ಶಾಲೆಯಲ್ಲಿ ಮುಂದುವರಿದಿರಬೇಕು, ವಿಳಾಸ ಇದೇ ಊರಿನದ್ದಾಗಿರಬೇಕು ಎಂದಿದೆ. ದುರುಪಯೋಗ ಆಗದಿರಲಿ ಎಂದು ಹಿಂದಿನವರು ಮಾಡಿದ ನಿಯಮ, ಉದ್ದೇಶ ಒಳ್ಳೆಯದೇ. ಆದರೆ ಮನೆ ಕಳೆದುಕೊಂಡ ತಿಂಗಳಲ್ಲೇ ವಿದ್ಯಾರ್ಥಿವೇತನವನ್ನೂ ಕಳೆದುಕೊಳ್ಳುವ ಹಾಗೆ ಈ ನಿಯಮ ಕೆಲಸ ಮಾಡುತ್ತಿದೆ. ಮಗುವನ್ನು ಗುರುತಿಸಲು ವಿಳಾಸವೇ ಬೇಕೆಂದಿಲ್ಲ. ಶಾಲಾ ಶಿಕ್ಷಣ ಇಲಾಖೆಯ ಎಸ್.ಎ.ಟಿ.ಎಸ್. ಸಂಖ್ಯೆ ಮಗುವಿಗೆ ಇದೆ, ಶಾಲೆ ಬದಲಾದರೂ ಸಂಖ್ಯೆ ಅದೇ. ಆ ಸಂಖ್ಯೆಯನ್ನು ಆಧಾರವಾಗಿಟ್ಟು, ಹೊಸ ಶಾಲೆಯ ವ್ಯಾಸಂಗ ಪ್ರಮಾಣಪತ್ರ ತಂದರೆ ಸಾಕು ಎಂದು ಮಾಡಿ. ಮಗು ವಿಜಯಪುರಕ್ಕೆ ಹೋಗಲಿ, ನೆಲಮಂಗಲಕ್ಕೆ ಹೋಗಲಿ, ಹೊಸಕೋಟೆಗೆ ಹೋಗಲಿ, ಹಣ ಅದರ ಹಿಂದೆ ಹೋಗಲಿ. ಇದು ನನ್ನ ಮೊದಲನೆಯ ಕೋರಿಕೆ.

ಎರಡನೆಯದು ದಿನಾಂಕದ್ದು. ನಮ್ಮ ಟ್ರಸ್ಟಿಗೆ ಹೆಚ್ಚಿನ ಹಣ ಬರುವುದು ರಂಜಾನ್‌ನಲ್ಲಿ, ಜಕಾತ್ ಮತ್ತು ಸದಕಾ ರೂಪದಲ್ಲಿ. 2017ರಲ್ಲಿ ರಂಜಾನ್ ಮೇ ಕೊನೆಗೆ ಶುರುವಾಗಿ ಈದ್ ಜೂನ್ ಕೊನೆಗೆ ಬಂತು. ಹಣ ಬಂದ ವಾರವೇ ಫೀಸಿನ ವಾರ. ಆದರೆ ಚಂದ್ರನ ವರ್ಷ ಹತ್ತು ಹನ್ನೊಂದು ದಿನ ಚಿಕ್ಕದು. 2025ರಲ್ಲಿ ಈದ್ ಬಂದದ್ದು ಮಾರ್ಚ್ ಕೊನೆಯ ದಿನ. ಇನ್ನು ಮುಂದೆ ಫೆಬ್ರವರಿ, ಜನವರಿ. ಹಣ ಬೇಗ ಬರುತ್ತಿದೆ, ನಾವು ಹಂಚುವುದು ಮಾತ್ರ ಅರ್ಜಿ, ಪರಿಶೀಲನೆ, ಸಮಾರಂಭ ಎಂದು ಮಳೆಗಾಲ ಮುಗಿದ ಮೇಲೆ. ಅಷ್ಟು ಹೊತ್ತಿಗೆ ತಂದೆ ಬಡ್ಡಿಗೆ ಸಾಲ ತಂದಿರುತ್ತಾನೆ, ನಾವು ಕೊಟ್ಟದ್ದು ಆ ಬಡ್ಡಿಗೆ ಹೋಗುತ್ತದೆ. ದಾನಿಗಳು ಇದನ್ನು ಗಮನಿಸಬೇಕು: ನೀವು ಮಗುವಿಗೆಂದು ಕೊಟ್ಟ ಹಣ ಬಡ್ಡಿಯವನ ಕೈ ಸೇರುತ್ತಿದೆ. ಮೇ ತಿಂಗಳ ಮೂರನೇ ವಾರದಲ್ಲಿ ಅರ್ಧ ಮೊತ್ತವನ್ನಾದರೂ ಕೊಟ್ಟುಬಿಡಿ. ಹಾರ, ಶಾಲು, ಈ ಭಾಷಣ ಇವೆಲ್ಲ ಆಮೇಲೆ ಇಟ್ಟುಕೊಳ್ಳೋಣ.

ಸರ್ಕಾರದ ಸಹಾಯ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಪಡೆಯಲೇಬೇಕು. ಆದರೆ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ಅಲ್ಪಸಂಖ್ಯಾತ ಮಕ್ಕಳಲ್ಲಿ ಒಂದರಿಂದ ಎಂಟನೇ ತರಗತಿಯವರಿಗೆ 2022-23ರಿಂದ ನಿಂತುಹೋಗಿದೆ, ಒಂಬತ್ತು ಹತ್ತಕ್ಕೆ ಮಾತ್ರ ಉಳಿಸಿದರು. ಮನೆ ಬದಲಾಯಿಸುವಾಗ ಓದು ಬಿಡುವ ಮಕ್ಕಳಲ್ಲಿ ಹೆಚ್ಚಿನವರನ್ನು ನಾನು ಕಂಡದ್ದು ಆರು, ಏಳು, ಎಂಟರಲ್ಲಿ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಬಸ್ಸು ಉಚಿತವಾದ ಮೇಲೆ ಒಂದು ಅನುಕೂಲವಾಗಿದೆ: ಮನೆ ದೂರ ಹೋದರೂ ಹಳೆಯ ಶಾಲೆಗೇ ಬರುವ ಹುಡುಗಿಯರು ಕಾಣುತ್ತಿದ್ದಾರೆ. ಹುಡುಗರು ಪಾಸಿಗೆ ಅರ್ಜಿ ಹಾಕಬೇಕು, ಅವರು ಹಾಕುವುದಿಲ್ಲ, ಗ್ಯಾರೇಜಿಗೆ ಹೋಗುತ್ತಾರೆ.

ತಾಯಂದಿರಿಗೆ ಒಂದೆರಡು ಮಾತು. ಸಾಧ್ಯವಿದ್ದರೆ ಕರಾರನ್ನು ಮೇ ತಿಂಗಳಿಗೆ ಮುಗಿಯುವಂತೆ ಬರೆಸಿ. ಹನ್ನೊಂದೇ ತಿಂಗಳು ಬರೆಯಬೇಕೆಂಬ ಕಾನೂನಿಲ್ಲ, ಒಮ್ಮೆ ಹತ್ತು ತಿಂಗಳು ಬರೆದರೂ ನಡೆಯುತ್ತದೆ, ಮಾಲೀಕರನ್ನು ಕೇಳಿ ನೋಡಿ. ಎಸ್ಸೆಸ್ಸೆಲ್ಸಿ ಮಗು ಇರುವ ಮನೆಯಲ್ಲಿ ಮಾರ್ಚ್‌ನಲ್ಲಿ ಖಾಲಿ ಮಾಡುವ ಸ್ಥಿತಿ ಬಂದರೆ ಮಗುವನ್ನು ಪರೀಕ್ಷೆ ಮುಗಿಯುವವರೆಗೆ ಅಜ್ಜಿ ಮನೆಯಲ್ಲೋ ಮಾಮು ಮನೆಯಲ್ಲೋ ಬಿಡಿ. ಒಂದು ವಿಷಯ ಹೋದರೂ ಧೈರ್ಯಗೆಡಬೇಡಿ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶ ಇದೆ. ಟಿ.ಸಿ., ಅಂಕಪಟ್ಟಿ, ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರ, ಮಗುವಿನ ಬ್ಯಾಂಕ್ ಪುಸ್ತಕ ಇವನ್ನು ಒಂದೇ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಟೆಂಪೋಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಹೋಗಿ. ಬೀರು ಹಿಂದೆ ಬೀಳಿಸಿಕೊಂಡು ಎರಡು ವರ್ಷ ಹುಡುಕಿದವರನ್ನು ಬಲ್ಲೆ. ಮನೆ ಬದಲಾದ ದಿನ ಟ್ರಸ್ಟಿಗೆ ಒಂದು ಫೋನ್ ಮಾಡಿ. ನಿಯಮ ಬದಲಾಗುತ್ತದೋ ಇಲ್ಲವೋ, ಮಗು ಎಲ್ಲಿದೆ ಎಂದು ನಮಗೆ ತಿಳಿದಿರುತ್ತದೆ.

ನನ್ನ ಎರಡು ಕೋರಿಕೆಗಳನ್ನು ಲಿಖಿತವಾಗಿ ಅಧ್ಯಕ್ಷರಿಗೆ ಕೊಟ್ಟಿದ್ದೇನೆ. ಮುಂದಿನ ಆಡಳಿತ ಮಂಡಳಿ ಸಭೆಗೆ ಇಡುತ್ತೇವೆ ಎಂದಿದ್ದಾರೆ. ಅರ್ಜಿ ತುಂಬಲು ಬಾರದವರು ಪ್ರತಿ ಭಾನುವಾರ ಅಸರ್ ನಮಾಜಿನ ನಂತರ ಟ್ರಸ್ಟಿನ ಕಚೇರಿಗೆ ಬನ್ನಿ, ನಾನು ಮಗ್ರಿಬ್‌ವರೆಗೆ ಅಲ್ಲೇ ಇರುತ್ತೇನೆ. ಬರುವಾಗ ಹಳೆಯ ಕರಾರು ಪತ್ರವನ್ನೂ ತನ್ನಿ, ಯಾವ ತಿಂಗಳಿಗೆ ಮುಗಿಯುತ್ತದೆ ಎಂದು ಒಟ್ಟಿಗೆ ನೋಡೋಣ.